ಶಾಖ, ಶುಂಠಿ, ಪಥ್ಯ, ಆಸನ: ಎಂಡೊಮೆಟ್ರಿಯೋಸಿಸ್ ನೋವಿಗೆ ನಾನು ಮಾಡಿ ನೋಡಿದ್ದು

ನಮ್ಮ ಅಡುಗೆಮನೆ ಬಾಗಿಲ ಹಿಂದೆ ತೂಗುತ್ತಿದ್ದ ಮೂರು ಕ್ಯಾಲೆಂಡರುಗಳನ್ನು ನಾನಿನ್ನೂ ಎಸೆದಿಲ್ಲ. 2021, 2022, 2023. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಕುಗಳ ನಡುವೆ ಮುಟ್ಟಿನ ದಿನಗಳಿಗೆ ಕೆಂಪು ಸುತ್ತು ಹಾಕಿದ್ದೇನೆ. ಪಕ್ಕದಲ್ಲಿ ಆ ದಿನದ ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಕೆಳಗೆ ಎಷ್ಟು ಮಾತ್ರೆ ನುಂಗಿದೆ ಎಂಬ ಗೀಟು. ಇಲ್ಲಿ ಬರೆಯುತ್ತಿರುವುದೆಲ್ಲ ಆ ಹಾಳೆಗಳನ್ನು ಮುಂದಿಟ್ಟುಕೊಂಡೇ.

ಹದಿನೈದಕ್ಕೆ ಶುರುವಾದ ನೋವಿಗೆ ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಸಿಕ್ಕಿದ್ದು ಇಪ್ಪತ್ತೆಂಟಕ್ಕೆ. ಅಲ್ಲಿಯವರೆಗೆ ಸಿಕ್ಕಿದ್ದು "ಮದುವೆ ಆದ್ಮೇಲೆ ಸರಿಹೋಗುತ್ತೆ", ಮದುವೆ ಆದಮೇಲೆ "ಒಂದು ಮಗು ಆಗ್ಲಿ" ಅನ್ನುವ ಮಾತು. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೆ, ಅಂದರೆ ಅಂಡಾಶಯ, ಕರುಳು, ಮೂತ್ರಕೋಶದ ಮೇಲೆ ಬೆಳೆಯುವ ಕಾಯಿಲೆ ಇದು. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 10ರಷ್ಟು ಜನಕ್ಕೆ, ಪ್ರಪಂಚದಲ್ಲಿ 19 ಕೋಟಿ ಹೆಂಗಸರಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನಗೆ 2019ರಲ್ಲಿ ಲ್ಯಾಪ್ರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್ ಆಯಿತು. ಎಡ ಅಂಡಾಶಯದಲ್ಲಿದ್ದ, ಹಳೆಯ ರಕ್ತ ತುಂಬಿದ ಗಡ್ಡೆ, ಚಾಕೊಲೇಟ್ ಸಿಸ್ಟ್ ತೆಗೆದರು. ಆಮೇಲೆ ಎರಡು ವರ್ಷ ದಿನಕ್ಕೊಂದು ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ. ಮುಟ್ಟು ನಿಂತಿತು, ನೋವು ಇಳಿಯಿತು. ಆದರೆ ಮನಸ್ಸು ಕುಸಿಯುತ್ತ ಹೋಗಿ, ತರಗತಿಯಲ್ಲಿ ಪಾಠ ಮಾಡುತ್ತಲೇ ಕಣ್ಣು ತುಂಬುವ ಸ್ಥಿತಿಗೆ ಬಂದೆ. ಡಾಕ್ಟರಿಗೆ ಹೇಳಿಯೇ ಬಿಟ್ಟೆ. ಬಿಟ್ಟ ಮೂರನೇ ತಿಂಗಳಿಗೆ ನೋವು ವಾಪಸ್ ಬಂತು. ಈ ಪ್ರಯೋಗಗಳು ಶುರುವಾಗಿದ್ದು ಆಗ.

ನಿಯಮ ಒಂದೇ ಇಟ್ಟುಕೊಂಡಿದ್ದೆ: ಒಮ್ಮೆಗೆ ಒಂದೇ ಉಪಾಯ, ಒಂದೊಂದಕ್ಕೂ ಕನಿಷ್ಠ ಎರಡು ಮುಟ್ಟು. ನೋವಿನ ಮಾತ್ರೆ ಮೆಫೆನಮಿಕ್ ಆಸಿಡ್ ಬಿಟ್ಟಿರಲಿಲ್ಲ. ಅದರ ಸಂಖ್ಯೆ ಕಡಿಮೆಯಾಯಿತೇ ಎಂಬುದೇ ನನ್ನ ಅಳತೆ. ಬಹಳ ತಡವಾಗಿ ತಿಳಿದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಯಲ್ಲಿ ನೋವು ಒಂದಲ್ಲ. ಮುಟ್ಟಿನ ಹಿಂಡು ನೋವು ಬೇರೆ, ಕರುಳಿನ ಉಬ್ಬರದ ನೋವು ಬೇರೆ, ಕೂತರೂ ನಿಂತರೂ ಸೊಂಟದ ಬುಡದಲ್ಲಿ ಕೊರೆಯುವ ನೋವು ಬೇರೆ. ಒಂದಕ್ಕೆ ಹತ್ತುವ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಬಿಸಿನೀರಿನ ಚೀಲವೋ, ಟೆನ್ಸ್ ಯಂತ್ರವೋ?

ಶಾಖ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮುಟ್ಟಿನ ಸಾಮಾನ್ಯ ನೋವಿನಲ್ಲಿ ಹೊಟ್ಟೆಗೆ ಅಂಟಿಸುವ ಶಾಖದ ಪಟ್ಟಿ ಐಬುಪ್ರೊಫೆನ್ ಮಾತ್ರೆಯಷ್ಟೇ ಕೆಲಸ ಮಾಡಿತೆಂದು 2001ರಲ್ಲಿ ಒಂದು ಅಧ್ಯಯನ ಬಂದಿತ್ತು. ನನಗೆ ರಬ್ಬರ್ ಚೀಲ ಇಟ್ಟುಕೊಂಡ ಇಪ್ಪತ್ತು ನಿಮಿಷಕ್ಕೆ ಎಂಟಿದ್ದ ನೋವು ಆರಕ್ಕೆ ಇಳಿಯುತ್ತಿತ್ತು. ಇಳಿದದ್ದು ಅಲ್ಲೇ ನಿಲ್ಲುತ್ತಿತ್ತು ಕೂಡ. ತೊಂದರೆ ಬೇರೆ ಕಡೆ ಇತ್ತು. ನೋವು ಹೆಚ್ಚಿದಂತೆಲ್ಲ ನೀರು ಇನ್ನಷ್ಟು ಬಿಸಿ ಮಾಡುತ್ತ ಹೋದೆ. ಹೊಕ್ಕುಳ ಕೆಳಗೆ ಮೀನಿನ ಬಲೆಯಂತೆ ಕಂದು ಗೆರೆಗಳು ಮೂಡಿದವು. ತುರಿಕೆ ಇಲ್ಲ, ಉರಿ ಇಲ್ಲ, ಹಾಗಾಗಿ ಲೆಕ್ಕಕ್ಕೇ ತಗೊಂಡಿರಲಿಲ್ಲ. ಒಂದು ಸಲ ಸ್ಕ್ಯಾನಿಂಗ್‌ಗೆ ಮಲಗಿದಾಗ ಡಾಕ್ಟರ್ ಆ ಗೆರೆಗಳನ್ನು ನೋಡಿ, ನಾನು ಬಾಯಿ ತೆರೆಯುವ ಮೊದಲೇ "ದಿನಕ್ಕೆ ಎಷ್ಟು ಸಲ ಶಾಖ ತಗೋತೀರಮ್ಮಾ?" ಎಂದು ಕೇಳಿದರು. ನನ್ನ ನೋವನ್ನು ನಾನು ಹೇಳದೆಯೂ ಒಬ್ಬರು ಓದಿದ್ದು ಅದೇ ಮೊದಲು. ಚರ್ಮ ಮತ್ತೆ ಮತ್ತೆ ಬೆಂದರೆ ಮೂಡುವ ಗುರುತಂತೆ ಅದು. ಈಗ ಚೀಲಕ್ಕೆ ದಪ್ಪ ಟವೆಲ್ ಸುತ್ತುತ್ತೇನೆ, ಅದನ್ನಿಟ್ಟುಕೊಂಡು ನಿದ್ದೆ ಮಾಡುವುದಿಲ್ಲ.

ಟೆನ್ಸ್ ಎಂದರೆ ಅಂಗೈಯಗಲದ ಒಂದು ಯಂತ್ರ. ಅದರ ಅಂಟುಪಟ್ಟಿಗಳನ್ನು ಕಿಬ್ಬೊಟ್ಟೆಗೋ ಬೆನ್ನಿನ ಬುಡಕ್ಕೋ ಅಂಟಿಸಿದರೆ ಸಣ್ಣ ವಿದ್ಯುತ್ ಮಿಡಿತ ಬರುತ್ತದೆ. ನೋವಿನ ಸುದ್ದಿ ಮೆದುಳಿಗೆ ಹೋಗುವ ದಾರಿಯಲ್ಲಿ ಈ ಚುಮುಚುಮು ಅಡ್ಡ ನಿಲ್ಲುತ್ತದೆ ಎಂಬುದು ಅದರ ಹಿಂದಿನ ವಿವರಣೆ. ಎಂಟರ ನೋವು ಐದಕ್ಕೆ ಬಂದದ್ದುಂಟು, ಶಾಖಕ್ಕಿಂತ ಒಂದಂಕ ಹೆಚ್ಚೇ. ಆದರೆ ಆರಿಸಿದ ಅರ್ಧ ಗಂಟೆಗೆ ನೋವು ತಿರುಗಿ ಬರುತ್ತಿತ್ತು. ಆದರೂ ಸಾಗರದಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ, ನಿಂತು ನಾಲ್ಕು ಪೀರಿಯಡ್ ಪಾಠ ಮಾಡುವಾಗ ಬಿಸಿನೀರಿನ ಚೀಲ ಎಲ್ಲಿ ಕಟ್ಟಿಕೊಳ್ಳಲಿ? ಸೀರೆಯೊಳಗೆ ಈ ಯಂತ್ರ ಯಾರಿಗೂ ಕಾಣುವುದಿಲ್ಲ. ಮನೆಗೆ ಶಾಖ, ಹೊರಗೆ ಟೆನ್ಸ್. ಪೇಸ್‌ಮೇಕರ್ ಇದ್ದವರು ಮುಟ್ಟಬಾರದು. ಬಸುರಿಯರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬಾರದು.

ಒಣಶುಂಠಿಯೋ, ಅರಿಶಿನದ ಮಾತ್ರೆಯೋ?

ಇದರಲ್ಲಿ ಹೆಚ್ಚು ಹೇಳಲಿಕ್ಕಿಲ್ಲ. ಇರಾನಿನ ಹುಡುಗಿಯರ ಮೇಲೆ ನಡೆದ ಒಂದು ಪ್ರಯೋಗದಲ್ಲಿ 250 ಮಿಲಿಗ್ರಾಂ ಶುಂಠಿ ಪುಡಿಯನ್ನು ದಿನಕ್ಕೆ ನಾಲ್ಕು ಸಲದಂತೆ ಮುಟ್ಟಿನ ಮೊದಲ ಮೂರು ದಿನ ಕೊಟ್ಟಾಗ, ಮೆಫೆನಮಿಕ್ ಆಸಿಡ್‌ನಷ್ಟೇ ಗುಣ ಕಂಡಿತ್ತು. ಅದು ಸಾಮಾನ್ಯ ಮುಟ್ಟಿನ ನೋವು, ನಮ್ಮ ಕಾಯಿಲೆಯಲ್ಲ. ನನಗೆ ನೋವಿನ ಅಂಕ ಹೆಚ್ಚು ಕದಲಲಿಲ್ಲ. ಆದರೆ ಮೊದಲ ದಿನದ ವಾಂತಿ ನಿಂತೇ ಹೋಯಿತು. ವಾಂತಿ ನಿಂತರೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಉಳಿಯುತ್ತದೆ, ಅದೇ ದೊಡ್ಡದು. ಅಮ್ಮ ಕೊತ್ತಂಬರಿ, ಜೀರಿಗೆ ಹುರಿದ ಕಷಾಯದ ಪುಡಿಗೆ ಒಣಶುಂಠಿಯನ್ನೂ ಸೇರಿಸಿ ಡಬ್ಬಿ ತುಂಬಿ ಕಳಿಸುತ್ತಾಳೆ.

ಅರಿಶಿನದ ಸಾರದ ಮಾತ್ರೆಗೆ ತಿಂಗಳಿಗೆ ಸಾವಿರ ರೂಪಾಯಿಯ ಹತ್ತಿರ ಹೋಗುತ್ತಿತ್ತು. ಎರಡು ಮುಟ್ಟಿನಲ್ಲೂ ಒಂದಂಕವೂ ಇಳಿಯಲಿಲ್ಲ. ಮೆಣಸಿನ ಸಾರ ಬೆರೆಸಿದ ಇಂಥ ಗಟ್ಟಿ ಮಾತ್ರೆಗಳಿಂದ ಕೆಲವರಿಗೆ ಲಿವರ್ ಕೆಟ್ಟ ವರದಿಗಳಿವೆ. ಸಾರಿಗೆ ಹಾಕುವ ಅರಿಶಿನಕ್ಕೂ ಇದಕ್ಕೂ ಪ್ರಮಾಣದಲ್ಲಿ ಅಜಗಜಾಂತರ. ಬಿಟ್ಟುಬಿಟ್ಟೆ.

ಗೋಧಿ ಬಿಡುವುದೋ, ಫಾಡ್‌ಮ್ಯಾಪ್ ಪಥ್ಯವೋ?

ಮೊದಲು ಗೋಧಿ ಬಿಟ್ಟೆ. ಚಪಾತಿ, ರವೆ ಉಪ್ಪಿಟ್ಟು, ಬ್ರೆಡ್ಡು ಇಲ್ಲ. ಮೊದಲೇ ಅನ್ನ ಉಣ್ಣುವ ಮನೆ, ಕಷ್ಟವಾಗಲಿಲ್ಲ. ಉಬ್ಬರ ತುಸು ತಗ್ಗಿತು, ಅಷ್ಟೇ.

ಎರಡನೆಯದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಕರುಳಿನ ಕಿರಿಕಿರಿಗೆ ರೂಪಿಸಿದ ಲೋ ಫಾಡ್‌ಮ್ಯಾಪ್ ಪಥ್ಯ. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ ದೊಡ್ಡ ಕರುಳಿಗೆ ಹೋಗಿ ಹುಳಿತು ಗಾಳಿ ತುಂಬುವ ಪದಾರ್ಥಗಳನ್ನು ಕೆಲವು ವಾರ ಪೂರ್ತಿ ಬಿಟ್ಟು, ಆಮೇಲೆ ಒಂದೊಂದಾಗಿ ಮರಳಿ ತಿಂದು ನೋಡುವುದು. ಈರುಳ್ಳಿ, ಬೆಳ್ಳುಳ್ಳಿ, ಹಾಲು, ಹೆಚ್ಚಿನ ಕಾಳುಗಳು, ಮಾವಿನಹಣ್ಣು ಎಲ್ಲ ಪಟ್ಟಿಯಲ್ಲಿವೆ. ಅಮ್ಮನಿಗೆ ಫೋನಿನಲ್ಲಿ ಪಟ್ಟಿ ಓದಿದೆ. "ಈರುಳ್ಳಿ ಬೆಳ್ಳುಳ್ಳಿ ಇಲ್ಲ ಅಂದ್ರೆ ಹಬ್ಬದಡುಗೆ ಮಾಡ್ಕೊಂಡ್ರಾಯ್ತಲ್ಲೇ, ಇಂಗಿನ ಒಗ್ಗರಣೆ ಹಾಕು" ಎಂದಳು. ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯಿತು. ಉಳಿದರ್ಧ ಬೇಳೆ ಕಾಳು. ಅದಿಲ್ಲದ ಊಟ ನಮಗೆ ಊಟವೇ ಅಲ್ಲ. ಆಹಾರ ತಜ್ಞೆಯೊಬ್ಬರು ಮೊಟ್ಟೆ ಮತ್ತು ಸ್ವಲ್ಪ ಶೇಂಗಾ ಸೇರಿಸಿ ದಾರಿ ತೋರಿಸಿದರು.

ಐದು ವಾರ ಹಿಡಿದೆ. ಸಂಜೆಯಾದರೆ ಆರು ತಿಂಗಳ ಬಸುರಿಯಂತೆ ಉಬ್ಬುತ್ತಿದ್ದ ಹೊಟ್ಟೆ, ಎರಡನೇ ವಾರದ ಕೊನೆಗೆ ಸೀರೆಯ ಗಂಟನ್ನು ಸಡಿಲಿಸದೆ ಮನೆಗೆ ಬರುವಷ್ಟು ಇಳಿಯಿತು. ಮುಟ್ಟಿನ ಹಿಂಡು ನೋವು ಇದ್ದಷ್ಟೇ ಇತ್ತು, ಆದರೆ ಮಲವಿಸರ್ಜನೆಯ ಹೊತ್ತಿನ ಇರಿತ ಅರ್ಧಕ್ಕರ್ಧ ಕಡಿಮೆಯಾಯಿತು. ಮರಳಿ ತಿನ್ನುತ್ತ ಬಂದಾಗ ನನ್ನ ಶತ್ರುಗಳು ಗೊತ್ತಾದವು: ಹುರಳಿ, ಕಡಲೆಕಾಳು, ಒಂದು ಲೋಟ ತುಂಬ ಹಾಲು. ಈರುಳ್ಳಿ ಬೇಯಿಸಿದರೆ ತೊಂದರೆ ಇಲ್ಲ. ಇದೇ ಮೊನಾಶ್‌ನವರು ಎಂಡೊಮೆಟ್ರಿಯೋಸಿಸ್ ಇದ್ದವರ ಮೇಲೂ 28 ದಿನದ ಪ್ರಯೋಗ ನಡೆಸಿ 2025ರಲ್ಲಿ ಪ್ರಕಟಿಸಿದರು. ಚಿಕ್ಕ ಗುಂಪು, ಆದರೆ ಈ ಪಥ್ಯದಲ್ಲಿ ಶೇ 60ರಷ್ಟು ಜನಕ್ಕೆ ಹೊಟ್ಟೆಯ ತೊಂದರೆ ತಗ್ಗಿತ್ತು, ಮಾಮೂಲಿ ಆರೋಗ್ಯಕರ ಊಟದಲ್ಲಿ ಶೇ 26. ಅದನ್ನು ಓದಿದಾಗ ನನ್ನ ಕ್ಯಾಲೆಂಡರ್ ಸುಳ್ಳು ಹೇಳಿರಲಿಲ್ಲ ಅನ್ನಿಸಿತು. ಒಂದು ಮಾತು: ಇದನ್ನು ವರ್ಷಗಟ್ಟಲೆ ಹಿಡಿಯಬಾರದು. ರಕ್ತ ಹೆಚ್ಚು ಹೋಗುವ ಹೆಂಗಸು ಕಂಡದ್ದೆಲ್ಲ ಬಿಡುತ್ತ ಹೋದರೆ ರಕ್ತಹೀನತೆಗೆ ತಾನೇ ಬಾಗಿಲು ತೆರೆದ ಹಾಗೆ.

ಯೋಗವೋ, ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಯೋ?

ನನ್ನ ಬದುಕನ್ನು ಬದಲಿಸಿದ್ದು ಈ ಎರಡರಲ್ಲಿ ಒಂದು. ಅದು ನಾನು ಅಂದುಕೊಂಡದ್ದಲ್ಲ.

ಯೋಗ ತರಗತಿಗೆ ಮೂರು ತಿಂಗಳು ಹೋದೆ. ಬಾಲಾಸನ, ಸುಪ್ತ ಬದ್ಧಕೋಣಾಸನ, ಭ್ರಾಮರಿ ಹಿತವಾಗಿದ್ದವು. ನಿದ್ದೆ ಚೆನ್ನಾಯಿತು. ಬ್ರೆಜಿಲ್‌ನಲ್ಲಿ ವಾರಕ್ಕೆರಡು ಸಲದಂತೆ ಎಂಟು ವಾರ ಯೋಗ ಮಾಡಿದ ಎಂಡೊಮೆಟ್ರಿಯೋಸಿಸ್ ಹೆಂಗಸರಲ್ಲಿ ನೋವು ಕಡಿಮೆಯಾದ ಅಧ್ಯಯನವೂ ಇದೆ. ಆದರೆ ಅಲ್ಲಿನ ಗುರುಗಳು "ಕಪಾಲಭಾತಿ, ಮೂಲಬಂಧ ಬಿಡಬೇಡಿ, ಗರ್ಭಕೋಶ ಗಟ್ಟಿಯಾಗುತ್ತೆ" ಎನ್ನುತ್ತಿದ್ದರು. ಹೊಟ್ಟೆ ಒಳಗೆಳೆದು ರಭಸದಿಂದ ಉಸಿರು ಬಿಡುವುದು ಕಪಾಲಭಾತಿ, ಕೆಳಗಿನ ಸ್ನಾಯುಗಳನ್ನು ಒಳಕ್ಕೆ ಬಿಗಿಹಿಡಿಯುವುದು ಮೂಲಬಂಧ. ಅವೆರಡನ್ನು ಮಾಡಿದ ದಿನವೆಲ್ಲ ಸೊಂಟದ ಬುಡದ ಕೊರೆತ ಹೆಚ್ಚಾಗಿದ್ದು ಹಾಳೆಯಲ್ಲಿ ಸ್ಪಷ್ಟವಾಗಿದೆ. ನನ್ನ ಅಭ್ಯಾಸ ಸಾಲದು ಎಂದುಕೊಂಡು ಇನ್ನಷ್ಟು ಮಾಡಿದೆ.

ಕಾರಣ ತಿಳಿದದ್ದು ಪೆಲ್ವಿಕ್ ಫ್ಲೋರ್, ಅಂದರೆ ಸೊಂಟದ ತಳದಲ್ಲಿ ಗರ್ಭಕೋಶ, ಮೂತ್ರಕೋಶಗಳನ್ನು ಹೊತ್ತ ಸ್ನಾಯುಗಳಿಗೆ ಚಿಕಿತ್ಸೆ ಕೊಡುವ ಬೆಂಗಳೂರಿನ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ. ನನ್ನನ್ನು ಮಲಗಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಹೊಟ್ಟೆ ಸಡಿಲ ಬಿಡಿ" ಎಂದರು. ಬಿಟ್ಟಿದ್ದೇನೆ ಎಂದೆ. "ಇಲ್ಲ, ಬಿಟ್ಟಿಲ್ಲ." ಮತ್ತೆ ಪ್ರಯತ್ನಿಸಿದೆ. "ಇನ್ನೂ ಬಿಟ್ಟಿಲ್ಲ, ಅವಸರ ಇಲ್ಲ." ಹತ್ತು ನಿಮಿಷ ಹಾಗೇ ಕೈ ಇಟ್ಟು ಕಾದರು. ಉಸಿರು ಒಳಗೆ ಹೋದಾಗ ಹೊಟ್ಟೆಯ ಜೊತೆ ಕೆಳಗಿನ ಸ್ನಾಯುಗಳೂ ಒಮ್ಮೆ ಹೂವಿನಂತೆ ಬಿಚ್ಚಿಕೊಂಡವು. ಅತ್ತುಬಿಟ್ಟೆ. ಹದಿನೈದು ವರ್ಷದಿಂದ ನೋವು ಬರುತ್ತದೆಂದು ಮೊದಲೇ ಬಿಗಿಹಿಡಿದು ಕೂತಿದ್ದ ದೇಹ ಅದು. ಬಿಗಿದ ಮುಷ್ಟಿಯಂತಿದ್ದ ಆ ಸ್ನಾಯುಗಳನ್ನು ಮೂಲಬಂಧ, ಕೀಗಲ್ ವ್ಯಾಯಾಮ ಎಂದು ಇನ್ನಷ್ಟು ಬಿಗಿದರೆ ನೋವಲ್ಲದೆ ಇನ್ನೇನು ಬರುತ್ತದೆ?

ಆಮೇಲೆ ಕಲಿತದ್ದೆಲ್ಲ ಬಿಡುವುದನ್ನೇ: ಹೊಟ್ಟೆಯಿಂದ ಉಸಿರಾಟ, ಮಂಡಿಗಳನ್ನು ಎದೆಗೆ ಅಗಲಿಸಿ ತರುವುದು, ಗೋಡೆಗೆ ಕಾಲು ಚಾಚಿ ಮಲಗುವುದು. ಒಪ್ಪಿಗೆ ಕೇಳಿಕೊಂಡು ಒಳಗಿನಿಂದ ಸ್ನಾಯು ಸಡಿಲಿಸುವ ಚಿಕಿತ್ಸೆಯನ್ನೂ ಮಾಡಿದರು. ಬೇಡ ಅಂದ ದಿನ ಮಾಡಲಿಲ್ಲ. ನಾಲ್ಕು ತಿಂಗಳಲ್ಲಿ ದಿನನಿತ್ಯದ ಕೊರೆತ ಆರರಿಂದ ಎರಡಕ್ಕೆ ಬಂತು. ಗಂಡನ ಜೊತೆ ಮಲಗುವುದಕ್ಕೆ ಹೆದರುತ್ತಿದ್ದೆ, ಆ ಹೆದರಿಕೆ ಹೋಯಿತು. ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಈ ನೋವಿನ ಬಗ್ಗೆ ಯಾರೂ ಬರೆಯದ ಕಾರಣಕ್ಕೇ ನಾನೂ ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಅದಕ್ಕೆ ಬರೆದಿದ್ದೇನೆ. ಕೊರತೆ ಒಂದೇ: ಇದನ್ನು ಬಲ್ಲವರು ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ನಾನು ತಿಂಗಳಿಗೊಮ್ಮೆ ರಾತ್ರಿ ರೈಲಿನಲ್ಲಿ ಹೋಗಿಬರುತ್ತಿದ್ದೆ. ಯೋಗ ಈಗಲೂ ಮಾಡುತ್ತೇನೆ, ಬಿಗಿಯುವ ಕ್ರಿಯೆಗಳನ್ನು ಬಿಟ್ಟು.

ಆಯುರ್ವೇದ ವೈದ್ಯರೋ, ಗಡ್ಡೆ ಕರಗಿಸುವ ಪುಡಿಯೋ?

ಇವೆರಡನ್ನೂ ಒಂದೇ ಎಂದುಕೊಂಡದ್ದು ನನ್ನ ತಪ್ಪು. ಓದಿದ ಆಯುರ್ವೇದ ವೈದ್ಯೆ ಮೊದಲು ಸ್ಕ್ಯಾನ್ ವರದಿ ಕೇಳಿದರು. ಚರಕ ಹೇಳಿದ ಇಪ್ಪತ್ತು ಯೋನಿವ್ಯಾಪತ್ತುಗಳಲ್ಲಿ, ಅಂದರೆ ಹೆಂಗಸರ ಜನನಾಂಗದ ಕಾಯಿಲೆಗಳಲ್ಲಿ, ಉದಾವರ್ತಿನಿ ಎಂಬುದು ಮುಟ್ಟಿನ ನೋವಿನದು, ಆದರೆ ನಿಮ್ಮ ಕಾಯಿಲೆಗೆ ಸರಿಸಮನಾದ ಒಂದೇ ಹೆಸರು ಗ್ರಂಥದಲ್ಲಿ ಇಲ್ಲ ಎಂದು ನೇರವಾಗಿ ಹೇಳಿದರು. ಮಲಬದ್ಧತೆಗೆ ಬಸ್ತಿ (ಗುದದ ಮೂಲಕ ಕೊಡುವ ಔಷಧಿ), ಊಟದ ಹೊತ್ತಿನ ಶಿಸ್ತು, ಕೆಲವು ಕಷಾಯ. ಹೊಟ್ಟೆ ಹಗುರಾಯಿತು. ಸಿಸ್ಟ್ ಕರಗುತ್ತದೆ ಎಂದು ಅವರು ಹೇಳಲೇ ಇಲ್ಲ.

ಹೇಳಿದವರು ಇನ್ನೊಬ್ಬರು. ಚೀಟಿ ಇಲ್ಲದ ಡಬ್ಬಿ, ಒಳಗೇನಿದೆ ಎಂದರೆ "ಗಿಡಮೂಲಿಕೆ". 2023ರಲ್ಲಿ ಎಂಟು ತಿಂಗಳು ತಿಂದೆ. ಮೊದಲೆರಡು ತಿಂಗಳು ನೋವು ನಿಜವಾಗಿಯೂ ಕಡಿಮೆಯಿತ್ತು, ಆ ಅಂಕಗಳೂ ಹಾಳೆಯಲ್ಲಿವೆ. ಅದೇ ಧೈರ್ಯದಲ್ಲಿ ಆರು ತಿಂಗಳ ಸ್ಕ್ಯಾನ್ ತಪ್ಪಿಸಿದೆ. ಮುಂದಿನ ಸಲ ಮಾಡಿಸಿದಾಗ ಎರಡೂವರೆ ಸೆಂಟಿಮೀಟರ್ ಇದ್ದ ಹೊಸ ಸಿಸ್ಟ್ ಆರು ದಾಟಿತ್ತು. ಪುಡಿಯಿಂದಲೇ ಬೆಳೆಯಿತು ಎನ್ನಲಾರೆ. ಆದರೆ ಅದನ್ನು ನಂಬಿ ಕಣ್ಣು ಮುಚ್ಚಿ ಕೂತದ್ದು ಹೌದು. ನೋವಿಗೂ ಕಾಯಿಲೆಯ ಬೆಳವಣಿಗೆಗೂ ನೇರ ಲೆಕ್ಕ ಇಲ್ಲ. ಆಳಕ್ಕಿಳಿದ ಎಂಡೊಮೆಟ್ರಿಯೋಸಿಸ್ ಮೂತ್ರನಾಳವನ್ನು ಸದ್ದಿಲ್ಲದೆ ಒತ್ತಿ ಕಿಡ್ನಿ ಕೆಡಿಸುವುದೂ ಉಂಟು. ಸಂತಾನೋತ್ಪತ್ತಿ ವೈದ್ಯಕೀಯದ ಯುರೋಪಿನ ಸಂಘ ಇಶ್ರೆಯ 2022ರ ಮಾರ್ಗಸೂಚಿಯೂ ಇಂಥ ಯಾವ ಉಪಾಯವನ್ನೂ ಹೆಸರಿಟ್ಟು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲವೆನ್ನುತ್ತದೆ, ಬದುಕು ಹಗುರವಾಗಲು ಇವುಗಳ ಬಗ್ಗೆ ವೈದ್ಯರು ರೋಗಿಯೊಡನೆ ಮಾತಾಡಬೇಕು ಎಂದೂ ಹೇಳುತ್ತದೆ. 2023ರ ಕೊನೆಗೆ ನನಗೆ ಎರಡನೇ ಆಪರೇಷನ್ ಆಯಿತು. ಆಗಲೇ ಗರ್ಭಕೋಶದೊಳಗೆ ಹಾರ್ಮೋನ್ ಸಾಧನ ಇಟ್ಟರು. ಡೈನೋಜೆಸ್ಟ್‌ನಂತೆ ಇದು ನನ್ನ ಮನಸ್ಸನ್ನು ಕುಗ್ಗಿಸಲಿಲ್ಲ.

ಈಗ ಟೆನ್ಸ್ ಯಂತ್ರ ನನ್ನ ಹತ್ತಿರ ಇಲ್ಲ, ಅಕ್ಕನ ಮಗಳಿಗೆ ಕೊಟ್ಟಿದ್ದೇನೆ. ಅವಳಿಗೆ ಹದಿನಾರು. ಪ್ರತಿ ತಿಂಗಳೂ ಎರಡು ದಿನ ಕಾಲೇಜಿಗೆ ಹೋಗಲಾಗುವುದಿಲ್ಲ. ಜೊತೆಗೊಂದು ಹೊಸ ಕ್ಯಾಲೆಂಡರ್, ಕೆಂಪು ಪೆನ್ನು ಕೊಟ್ಟು ಅಂಕ ಹಾಕುವುದನ್ನು ತೋರಿಸಿಕೊಟ್ಟೆ. ಮೂರು ಹಾಳೆ ತುಂಬಿದೆ. ಅದನ್ನು ಹಿಡಿದುಕೊಂಡು ಬರುವ ಗುರುವಾರ ಅಕ್ಕ, ಅವಳು, ನಾನು ಮೂವರೂ ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.