ಮಟನ್ ಸ್ಟ್ರೀಟಿನ ಮಹಡಿ ಅಂಗಡಿಯಲ್ಲಿ ಸಿಕ್ಕ ಸುಲೋಚನಾ

ಹಳೇ ಸಿನಿಮಾ ಕಾಗದ ಕೊಳ್ಳುವ ಆಸೆ ಇದ್ದರೆ ಜೇಬಿನಲ್ಲಿ ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ನಮ್ಮದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಅಪ್ಪನ ಕಾಲದಲ್ಲಿ ಕಾಲಲ್ಲಿ ತುಳಿಯುವ ಟ್ರೆಡಲ್ ಮಷೀನು, ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಈಗ ನಾನು ನೋಡಿಕೊಳ್ಳುತ್ತೇನೆ, ಎಲ್ಲ ಆಫ್‌ಸೆಟ್. ಆದರೂ ಮೊಳೆಯಲ್ಲಿ ಅಚ್ಚಾದ ಕಾಗದ ಕೈಗೆ ಬಂದರೆ ನನ್ನ ಬೆರಳಿಗೆ ಗೊತ್ತಾಗಿಬಿಡುತ್ತದೆ.

ಕಳೆದ ವರ್ಷ ಆನ್‌ಲೈನಿನಲ್ಲಿ ಒಂದು ಪೋಸ್ಟರ್ ತರಿಸಿದ್ದೆ. ಮೂಕಿ ಚಿತ್ರಗಳ ಕಾಲದ ಅಸಲಿ ಮಾಲು ಅಂತ ಬರೆದಿದ್ದರು. 2,800 ರೂಪಾಯಿ. ಭೂತಗನ್ನಡಿ ಇಟ್ಟು ನೋಡಿದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು ಸಣ್ಣ ಹೂವಿನ ಹಾಗೆ ಸಾಲಾಗಿ ಕೂತಿದ್ದವು. ನಮ್ಮ ಮಷೀನಿನಲ್ಲಿ ದಿನಾ ಬೀಳುವ ಚುಕ್ಕಿಗಳೇ! ಮೂಲೆಯಲ್ಲಿದ್ದ ಚಹಾ ಕಲೆಯೂ ಪ್ರಿಂಟಾಗಿದ್ದೇ. ಅವತ್ತು ನನಗೆ ಊಟ ಸೇರಲಿಲ್ಲ.

ಹಾಗಾಗಿ ಈ ಸಲ ಡೊಂಬಿವಲಿಯ ಅಕ್ಕನ ಮನೆಗೆ ಹೋದಾಗ ಕಣ್ಣಾರೆ ನೋಡಿಯೇ ಕೊಳ್ಳೋಣ ಅಂತ ಮುಂಬೈಯ ಹಳೇ ಸಾಮಾನಿನ ಪೇಟೆ ಚೋರ್ ಬಜಾರಿಗೆ ಹೊರಟೆ. ಸ್ಲೋ ಲೋಕಲ್ ಹತ್ತಿ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದರೆ ಆ ಬಜಾರಿನ ಮಟನ್ ಸ್ಟ್ರೀಟಿಗೆ ನಡೆದೇ ಹೋಗಬಹುದು. ನಾನು ಹೇಳುತ್ತಿರುವ ಅಂಗಡಿ ಒಂದು ಮಹಡಿ ಮೇಲಿದೆ. ಮೆಟ್ಟಿಲು ಬಹಳ ಕಡಿದು, ಮಂಡಿ ನೋವಿರುವವರಿಗೆ ಕಷ್ಟ. ಒಳಗೆ ಫ್ಯಾನ್ ಇದೆ, ಆದರೆ ಕಾಗದ ಹಾರುತ್ತವೆ ಅಂತ ಹಾಕುವುದಿಲ್ಲ.

ಮೊದಲು ತೋರಿಸಿದ್ದೆಲ್ಲ ಮರುಮುದ್ರಣಗಳೇ. ನಾನು ಭೂತಗನ್ನಡಿ ತೆಗೆದ ಕೂಡಲೇ ಅಂಗಡಿಯ ಚಾಚಾ ಆ ಕಟ್ಟನ್ನು ಪಕ್ಕಕ್ಕೆ ಸರಿಸಿ, "ಇವೆಲ್ಲ ಹೊಸವು ದೀದಿ, ಗೋಡೆಗೆ ಹಾಕೋಕೆ ಮಾತ್ರ" ಅಂದರು. ನಾನು ಕೇಳುವುದಕ್ಕೆ ಮೊದಲೇ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ಆಮೇಲೆ ಕೆಳಗಿನಿಂದ ಒಂದು ತಗಡಿನ ಪೆಟ್ಟಿಗೆ ಎಳೆದರು. ಅದರಲ್ಲಿದ್ದವು ಹ್ಯಾಂಡ್‌ಬಿಲ್‌ಗಳು.

ಮೂಕಿ ಕಾಲದಲ್ಲಿ ಸಿನಿಮಾಕ್ಕೆ ಬಾಯಿ ಇರಲಿಲ್ಲ, ಅದರ ಪರವಾಗಿ ಕೂಗುತ್ತಿದ್ದದ್ದು ಇಂಥ ಕಾಗದಗಳೇ. ಗಾಡಿಗೆ ಬೋರ್ಡು ಕಟ್ಟಿ, ಬ್ಯಾಂಡ್ ಬಾರಿಸುತ್ತಾ ಊರೆಲ್ಲ ಸುತ್ತಿ ಇವನ್ನು ಹಂಚುತ್ತಿದ್ದರು. ಹಂಚಿದ ಕಾಗದವನ್ನು ಯಾರು ತಾನೇ ಎತ್ತಿಡುತ್ತಾರೆ? ಅದಕ್ಕೇ ಉಳಿದಿರುವುದು ಬಹಳ ಕಡಿಮೆ.

ನಾನು ಕೊಂಡ ಹ್ಯಾಂಡ್‌ಬಿಲ್ ಅಂಗೈ ಎರಡರಷ್ಟು ಅಗಲ. ತೆಳು ಗುಲಾಬಿ ಕಾಗದ, ಕಪ್ಪು ಮಸಿ. ಇಂಗ್ಲಿಷ್, ಗುಜರಾತಿ, ಉರ್ದು ಮೂರೂ ಇವೆ. ಮಾತಿಲ್ಲದ ಚಿತ್ರಕ್ಕೆ ಭಾಷೆಯ ಗಡಿ ಇರಲಿಲ್ಲ. ನಡುವೆ ಬರುವ ಬರಹದ ಪಟ್ಟಿಗಳನ್ನೂ ಹೀಗೇ ಎರಡು ಮೂರು ಭಾಷೆಗಳಲ್ಲಿ ಹಾಕುತ್ತಿದ್ದರು. ಹಿಂಬದಿ ಬೆರಳಾಡಿಸಿದೆ. ಮೊಳೆ ಒತ್ತಿದ ಉಬ್ಬು ಹಾಗೇ ಇದೆ. ಮೇಲಿನ ತುದಿ ಹರಿದು ಸಿನಿಮಾದ ಹೆಸರೇ ಹೋಗಿಬಿಟ್ಟಿದೆ. ನಡುವೆ ದಪ್ಪ ಮೊಳೆಯಲ್ಲಿ ಉಳಿದಿರುವುದು ಒಂದೇ ಹೆಸರು, ಸುಲೋಚನಾ.

ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಲು ಎರಡು 'ಎ' ಬೇಕು. ಕೊನೆಯ 'ಎ' ಬೇರೆ ಸೆಟ್ಟಿನದು, ಸ್ವಲ್ಪ ಸಣ್ಣದು, ಕಾಲು ತೆಳ್ಳಗೆ. ದೊಡ್ಡ ಮೊಳೆಗಳು ಪ್ರೆಸ್ಸಿನಲ್ಲಿ ಲೆಕ್ಕಕ್ಕೆ ಎರಡೋ ಮೂರೋ ಇರುತ್ತವೆ. ಖಾಲಿಯಾದರೆ ಪಕ್ಕದ ಕೇಸಿನಿಂದ, ಅಂದರೆ ಮೊಳೆ ಇಡುವ ಪೆಟ್ಟಿಗೆಯಿಂದ, ಎತ್ತಿ ಕೂರಿಸಬೇಕು. ಲಗ್ನಪತ್ರಿಕೆ ಹಂಗಾಮಿನಲ್ಲಿ ನಮ್ಮಲ್ಲಿ 'ಶ್ರೀ' ಮುಗಿದು ಅಪ್ಪ ಇದೇ ಪಾಡು ಪಡುತ್ತಿದ್ದರು. ಹೆಸರು ಗೊತ್ತಿಲ್ಲದ ಆ ಮೊಳೆ ಜೋಡಿಸುವವನ ಕೈ ನನಗೆ ಕಂಡ ಹಾಗಾಯಿತು.

ಸುಲೋಚನಾ ಅಂದರೆ ಮೂಕಿ ಕಾಲದ ತಾರೆ ರೂಬಿ ಮೈಯರ್ಸ್. ಬಗ್ದಾದಿ ಯಹೂದಿ ಮನೆತನದ ಹುಡುಗಿ, ಟೆಲಿಫೋನ್ ಆಪರೇಟರ್ ಆಗಿದ್ದವರು. ಅವರನ್ನು ಸಿನಿಮಾಕ್ಕೆ ಕರೆತಂದವರು ನಿರ್ದೇಶಕ ಮೋಹನ್ ಭವನಾನಿ. 1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಒಬ್ಬರೇ ಎಂಟು ವೇಷ ಹಾಕಿದ್ದರು. ಬಾಂಬೆ ಗವರ್ನರ್‌ಗಿಂತ ಅವರ ಸಂಬಳ ಜಾಸ್ತಿ ಅಂತ ಜನ ಮಾತಾಡುತ್ತಿದ್ದರಂತೆ. ಸಿನಿಮಾದ ಹೆಸರು ಹರಿದುಹೋದರೂ ಈ ಕಾಗದಕ್ಕೆ ಇವತ್ತು ಬೆಲೆ ಇರುವುದು ಅದೇ ಹೆಸರಿನಿಂದ ಅಲ್ವಾ?

ಚಾಚಾ ಜೊತೆ ನಮ್ಮ ಸಿನಿಮಾದ ಪಿತಾಮಹ ದಾದಾಸಾಹೇಬ್ ಫಾಲ್ಕೆ ಅವರ ಮಾತೂ ಬಂತು. ನನಗೆ ಅವರ ಮೇಲೆ ಬೇರೆಯೇ ಅಭಿಮಾನ. ಸಿನಿಮಾಕ್ಕೆ ಬರುವ ಮೊದಲು ಅವರು ನಮ್ಮ ಕಸುಬಿನವರೇ. ಸ್ವಂತ ಪ್ರೆಸ್ ನಡೆಸಿದವರು, ಬಣ್ಣದ ಮುದ್ರಣದ ಯಂತ್ರಕ್ಕಾಗಿ 1909ರಲ್ಲಿ ಜರ್ಮನಿಗೆ ಹೋಗಿಬಂದವರು. 1913ರ 'ರಾಜಾ ಹರಿಶ್ಚಂದ್ರ'ಕ್ಕೆ ಅವರು ಕೊಟ್ಟ ಜಾಹೀರಾತು ನೋಡಿ: 57,000 ಫೋಟೋಗಳು, ಎರಡು ಮೈಲಿ ಉದ್ದದ ಚಿತ್ರ, ಎಲ್ಲಾ ಸೇರಿ ಬರೀ ಮೂರಾಣೆ! ನಾನು ಸುಮ್ನೆ ಲೆಕ್ಕ ಹಾಕಿದೆ. ಚಿತ್ರದ ರೀಲು ಸುಮಾರು 3,700 ಅಡಿ, ಒಂದು ಅಡಿಗೆ 16 ಫೋಟೋ. 59,000 ಆಗುತ್ತದೆ. ಫೋಟೋ ಲೆಕ್ಕ ಹೆಚ್ಚುಕಡಿಮೆ ಸರಿ. ಮೈಲಿ ಲೆಕ್ಕ ಮಾತ್ರ ಒಂದೂ ತುಂಬುವುದಿಲ್ಲ. ಬಟ್ಟೆಯಂತೆ ಸಿನಿಮಾವನ್ನೂ ಅಳೆದು ಕೊಡುತ್ತೇನೆ ಅನ್ನುವ ಆ ಧಾಟಿ ನನಗೆ ಬಹಳ ಇಷ್ಟ.

ಬೆಲೆ 4,500 ಹೇಳಿದರು, 3,200ಕ್ಕೆ ಇಳಿಯಿತು. ಹರಿದ ಕಾಗದಕ್ಕೆ ಇದು ಜಾಸ್ತಿ ಅಂತ ಅಕ್ಕ ಬೈದಳು. ನನಗೆ ಹಾಗನಿಸಲಿಲ್ಲ. ಪ್ಯಾಕಿಂಗ್ ಮಾತ್ರ ಚೆನ್ನಾಗಿಲ್ಲ. ಇಷ್ಟು ಹಳೇ ಕಾಗದವನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಲು ಹೊರಟಿದ್ದರು! ನಾನೇ ತಡೆದು ಎರಡು ರಟ್ಟಿನ ನಡುವೆ ಇಡಿಸಿದೆ. ನೀವು ಹೋಗುವುದಾದರೆ ಒಂದು ಗಟ್ಟಿ ಫೈಲ್ ಒಯ್ಯಿರಿ. ಯುಪಿಐ ನಡೆಯುತ್ತದೆ. ಶುಕ್ರವಾರ ಹೋಗಬೇಡಿ, ಅಂಗಡಿ ಮುಚ್ಚಿರುತ್ತದೆ. ಪೆಟ್ಟಿಗೆ ನೋಡಬೇಕು ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಹೊಸ ಮಾಲೇ ತೋರಿಸುತ್ತಾ ಕೂರುತ್ತಾರೆ.

ಹೊರಡುವಾಗ ನನಗೆ ಬೇಕಾದ ಇನ್ನೊಂದು ಕಾಗದದ ಮಾತೆತ್ತಿದೆ. ಅದೇ ಭವನಾನಿ ನಮ್ಮ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ, ಏಣಾಕ್ಷಿ ರಾಮರಾವ್ ಅವರನ್ನು ಹಾಕಿಕೊಂಡು 'ವಸಂತಸೇನಾ' ಮೂಕಿ ಚಿತ್ರ ಮಾಡಿದ್ದರು. ಅದರ ಒಂದು ಹ್ಯಾಂಡ್‌ಬಿಲ್ ಸಿಕ್ಕರೂ ಸಾಕು ಅಂದೆ. ಚಾಚಾ ಪೆಟ್ಟಿಗೆಯನ್ನೆಲ್ಲ ಮಗುಚಿ ಹುಡುಕಿದರು, ಸಿಗಲಿಲ್ಲ. ಆಮೇಲೆ ಉದ್ದನೆಯ ಖಾತೆ ಪುಸ್ತಕ ತೆಗೆದು ನನ್ನ ಫೋನ್ ನಂಬರಿನ ಮುಂದೆ ಉರ್ದುವಿನಲ್ಲಿ 'ವಸಂತಸೇನಾ, ಹುಬ್ಬಳ್ಳಿ' ಅಂತ ಬರೆದುಕೊಂಡರು.