ಮಲೆನಾಡಿನ ಮಲಗುವ ಕೋಣೆಗೆ ಸಮುದ್ರದ ಸಾಮಾನು ತರುವ ಮುನ್ನ

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಯನ್ನು ಮಗನ ಆಸೆಯಂತೆ ಹಡಗಿನ ಕೋಣೆಯ ಹಾಗೆ ಸಿಂಗರಿಸಲು ಹೋಗಿ, ಒಂದೇ ಮಳೆಗಾಲದಲ್ಲಿ ಒಂದು ಗೋಡೆಯ ಬಣ್ಣವನ್ನೂ ಹತ್ತಿಯ ಹಾಸಿಗೆಯನ್ನೂ ಸುಮಾರು 14 ಸಾವಿರ ರೂಪಾಯಿಯನ್ನೂ ಕಳೆದುಕೊಂಡೆ. ಅಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಮಗನಿಗೆ ಕರೆಂಟು ಹೊಡೆದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಹೋಂಸ್ಟೇಗಳಲ್ಲಿ ಈಗ ಇಂತಹ ಅಲಂಕಾರ ಹೆಚ್ಚುತ್ತಿರುವುದನ್ನು ನೋಡಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ಒಳ್ಳೆಯದು.

ಚಳಿಗಾಲದಲ್ಲಿ ಎರಡು ಬಾರಿ ಚಾರ್ಮಾಡಿ ಘಾಟಿ ಇಳಿದು ಕರಾವಳಿಗೆ ಹೋಗಿದ್ದೆವು. ಕಾಪು ಮತ್ತು ಮಲ್ಪೆಯ ತೀರದಲ್ಲಿ ಮಗ ಚಿಪ್ಪು, ಬಲೆಗೆ ಕಟ್ಟುವ ಪ್ಲಾಸ್ಟಿಕ್ ಗುಂಡು, ಅಲೆ ತಂದೆಸೆದ ಬಿಳಿಚಿದ ಮರದ ಕೊಂಬೆಗಳನ್ನು ಆರಿಸಿದ. ಬಂದರಿನ ಬದಿಯ ಒಂದು ಗುಜರಿ ಅಂಗಡಿಯಲ್ಲಿ ನಾನು ಹಳೆಯ ಮೀನಿನ ಬಲೆ, ದೋಣಿಯ ಹುಟ್ಟು, ತೆಂಗಿನ ನಾರಿನ ದಪ್ಪ ಹಗ್ಗ, ಒಂದು ಮರದ ಪೆಟ್ಟಿಗೆ, ಹಡಗಿನದೆಂದು ಹೇಳಿದ ಹಿತ್ತಾಳೆ ಲಾಂದ್ರ, ಜೊತೆಗೆ ಬೀಸಣಿಗೆಯಂತೆ ಹರಡಿದ ಒಂದು ಒಣ ಹವಳ, ಇಷ್ಟನ್ನು ಕೊಂಡೆ. ಮಾರ್ಚ್ ತಿಂಗಳಲ್ಲಿ ಬಲೆಯನ್ನು ಮಂಚದ ಹಿಂದಿನ ಗೋಡೆಗೆ ಹರಡಿ ಕಟ್ಟಿ, ಅದರಲ್ಲಿ ಚಿಪ್ಪುಗಳನ್ನು ಸಿಕ್ಕಿಸಿ, ಲಾಂದ್ರದೊಳಗೆ ಬಲ್ಬು ಕೂರಿಸಿ ಅದನ್ನು ನಾರಿನ ಹಗ್ಗದಿಂದ ತೊಲೆಗೆ ತೂಗಿಬಿಟ್ಟಾಗ ಕೋಣೆ ನಿಜವಾಗಿಯೂ ಚೆನ್ನಾಗಿ ಕಂಡಿತು ಎಂಬುದನ್ನು ಈಗಲೂ ಒಪ್ಪುತ್ತೇನೆ. ಎಲ್ಲವನ್ನೂ ಬಿಸಿಲಿಗೆ ಹಾಕಿ ಒಣಗಿಸಿದ್ದೆ, ಬ್ರಷ್ಷಿನಿಂದ ಮರಳು ಉದುರಿಸಿದ್ದೆ. ಒಣಗಿದ ಮೇಲೆ ಶುದ್ಧವಾಯಿತೆಂದು ನಂಬಿದ್ದೇ ನನ್ನ ಮೊದಲ ತಪ್ಪು.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ವರ್ಷಗಟ್ಟಲೆ ಆ ನೀರಿನಲ್ಲಿ ನೆನೆದು ಒಣಗಿದ ಹಗ್ಗದ, ಬಲೆಯ ಎಳೆಎಳೆಯಲ್ಲೂ ನೀರು ಹೋಗಿ ಉಪ್ಪು ಉಳಿದಿರುತ್ತದೆ. ಗಾಳಿಯ ಆರ್ದ್ರತೆ ಶೇ. 75 ದಾಟಿತೆಂದರೆ ಅಡುಗೆ ಉಪ್ಪು ತಾನಾಗಿ ಗಾಳಿಯ ನೀರನ್ನು ಹೀರಿ ಕರಗತೊಡಗುತ್ತದೆ. ಸಮುದ್ರದ ಕಚ್ಚಾ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಬೆರೆತಿರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಆ ಮಟ್ಟಕ್ಕಿಂತ ಕೆಳಗಿಳಿಯುವ ದಿನಗಳೇ ಕಡಿಮೆ. ಇದೆಲ್ಲ ನನಗೆ ಆಮೇಲೆ ಓದಿ ತಿಳಿದದ್ದು. ನಮ್ಮ ತಾಯಿ ಮಾತ್ರ ಜೂನ್ ಮೂರನೆಯ ವಾರದಲ್ಲಿ ಕೋಣೆಗೆ ಬಂದು, ಬಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಉಪ್ಪಿನ ಜಾಡಿಯನ್ನೇ ಒಲೆ ಪಕ್ಕ ಇಟ್ಟು ಕಾಪಾಡುವ ಊರು ಇದು. ನೀನು ಸಮುದ್ರವನ್ನೇ ತಂದು ಗೋಡೆಗೆ ತೂಗಿದ್ದೀಯಲ್ಲ ಮಾರಾಯ" ಎಂದಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ.

ಅದಾದ ಹತ್ತು ದಿನಗಳಲ್ಲಿ ಬಲೆಯ ಹಿಂದಿನ ಗೋಡೆ ಬೆವರತೊಡಗಿತು. ಸೂರು ಸೋರುತ್ತಿರಬೇಕೆಂದು ಭಾವಿಸಿ ಹೆಂಚು ಹತ್ತಿ ನೋಡಿಸಿದ್ದೂ ಆಯಿತು. ಒಂದು ಹೆಂಚೂ ಒಡೆದಿರಲಿಲ್ಲ. ಮಳೆ ಬಿಡುವು ಕೊಟ್ಟ ದಿನ ಗೋಡೆ ಒಣಗುತ್ತಿತ್ತು, ಮತ್ತೆ ಒದ್ದೆಯಾಗುತ್ತಿತ್ತು. ಹೀಗೆ ಕರಗಿದ ಉಪ್ಪು ಗಾರೆಯೊಳಗೆ ಇಳಿದು, ಒಣಗಿದಾಗ ಹರಳುಗಟ್ಟಿ, ಆ ಹರಳುಗಳು ಒಳಗಿನಿಂದ ತಳ್ಳಿದ್ದರಿಂದ ಬಣ್ಣವೆಲ್ಲ ಚಕ್ಕೆಚಕ್ಕೆಯಾಗಿ ದಿಂಬಿನ ಮೇಲೆ ಉದುರಿತು. ಹಾಸಿಗೆಗೆ ಬೂಷ್ಟು ಹಿಡಿಯಿತು, ಮಗನಿಗೆ ಬಿಡದ ಕೆಮ್ಮು ಶುರುವಾಯಿತು. ಒಳಗಿನ ಹುಳುವನ್ನು ಸರಿಯಾಗಿ ತೆಗೆಯದೆ ಉಳಿದಿದ್ದ ಎರಡು ಶಂಖಗಳ ದುರ್ನಾತ ಬೇರೆ.

ಜುಲೈ ತಿಂಗಳ ಒಂದು ಸಂಜೆ ಲಾಂದ್ರದ ಬಾಗಿಲು ಸರಿಪಡಿಸಲು ಕೈಯಿಟ್ಟ ಮಗ ಕಿರುಚಿ ಹಿಂದಕ್ಕೆ ಬಿದ್ದ. ಕಾಲಿನಲ್ಲಿ ರಬ್ಬರ್ ಚಪ್ಪಲಿ ಇದ್ದದ್ದರಿಂದಲೋ ಏನೋ ಬದುಕಿದ. ಮರುದಿನ ಬಂದ ಎಲೆಕ್ಟ್ರಿಷಿಯನ್ ಲಾಂದ್ರವನ್ನು ಬಿಚ್ಚಿ ತೋರಿಸಿದ: ಹಗ್ಗದಿಂದ ಜಿನುಗಿದ ಉಪ್ಪುನೀರು ವೈರಿನ ಗುಂಟ ಇಳಿದು, ಟೇಪು ಸುತ್ತಿದ್ದ ಗಂಟಿನೊಳಗೆ ಸೇರಿ, ಅಲ್ಲಿಂದ ಲೋಹದ ಮೈಗೆ ಕರೆಂಟು ಹರಿಯುತ್ತಿತ್ತು. ಬರಿಯ ಮಳೆನೀರಿಗಿಂತ ಉಪ್ಪುನೀರಿನಲ್ಲಿ ವಿದ್ಯುತ್ ಎಷ್ಟೋ ಪಾಲು ಸುಲಭವಾಗಿ ಹರಿಯುತ್ತದೆ. ಅಲ್ಲದೆ ನಾನು ಎರಡೇ ಎಳೆಯ ವೈರು ಹಾಕಿಸಿದ್ದೆ, ಅರ್ಥಿಂಗ್ ಕೊಡಿಸಿರಲಿಲ್ಲ. ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು, ಎಂಸಿಬಿ, ಇದೆಯಲ್ಲ ಎಂದು ಧೈರ್ಯದಿಂದಿದ್ದೆ. ಆದರೆ ಎಂಸಿಬಿ ಬೀಳುವುದು ಹೊರೆ ಹೆಚ್ಚಾದಾಗ ಅಥವಾ ಶಾರ್ಟ್ ಆದಾಗ ಮಾತ್ರ, ಮನುಷ್ಯನ ಮೈ ಮೂಲಕ ಹರಿಯುವ ಸಣ್ಣ ಸೋರಿಕೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆ ಸೋರಿಕೆಯನ್ನು ಗುರುತಿಸಿ ಕರೆಂಟು ಕಡಿಯುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಎಂಬ ಬೇರೆ ಸ್ವಿಚ್ಚು. ಅದನ್ನು ಅಂದೇ ಹಾಕಿಸಿದೆ. ಹಡಗಿನ ದೀಪವೋ ಅಜ್ಜನ ಕಾಲದ ಲಾಂದ್ರವೋ, ಲೋಹದ ಯಾವುದೇ ಹಳೆಯ ವಸ್ತುವಿಗೆ ಬಲ್ಬು ಕೂರಿಸುವವರು ಮೂರು ಎಳೆಯ ವೈರು ಹಾಕಿಸಿ, ಅದರ ಮೈಗೆ ಅರ್ಥಿಂಗ್ ಕೊಡಿಸದೆ ಸ್ವಿಚ್ ಒತ್ತಬೇಡಿ.

ಆ ಲಾಂದ್ರ ಹಿತ್ತಾಳೆಯದೂ ಆಗಿರಲಿಲ್ಲ. ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತವಿದ್ದಿದ್ದರೆ ಸಾಕಿತ್ತು. ಹಿತ್ತಾಳೆಗೆ ಅದು ಅಂಟುವುದಿಲ್ಲ, ನನ್ನ 4,500 ರೂಪಾಯಿಯ ಕಬ್ಬಿಣಕ್ಕೆ ಚೆನ್ನಾಗಿ ಅಂಟಿತು. ಮರದ ಪೆಟ್ಟಿಗೆಯಲ್ಲಿ ಕುಟ್ಟೆ ಹುಳುವಿತ್ತು. ಅದರ ಹಿಟ್ಟಿನಂತಹ ಪುಡಿ ಅಜ್ಜನ ಬೀಟೆ ಮಂಚದ ಕಾಲಬುಡದಲ್ಲಿ ಕಂಡ ದಿನವೇ ಪೆಟ್ಟಿಗೆಯನ್ನು ಹೊರಗೆ ಹಾಕಿದೆ.

ಹವಳದ ವಿಷಯ ಬೇರೆಯದೇ ತೂಕದ್ದು. ಅರಣ್ಯ ಇಲಾಖೆಯಲ್ಲಿರುವ ನಮ್ಮ ಭಾವ ಗೌರಿ ಹಬ್ಬಕ್ಕೆ ಬಂದಿದ್ದಾಗ ಅದನ್ನು ನೋಡಿ ಊಟವನ್ನೂ ಮಾಡದೆ ನನ್ನನ್ನು ಪಕ್ಕಕ್ಕೆ ಕರೆದರು. ಬೀಸಣಿಗೆ ಹವಳ, ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಕಡಲ್ಗುದುರೆ ಇವೆಲ್ಲವನ್ನೂ 2001ರಲ್ಲಿಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ, ಎಂದರೆ ಅತಿ ಹೆಚ್ಚಿನ ರಕ್ಷಣೆಯಿರುವ ಜೀವಿಗಳ ಪಟ್ಟಿಗೆ, ಸೇರಿಸಲಾಗಿದೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಅದು ಹುಲಿಯ ಉಗುರಿಗೆ ಸಮ. ನಾಟಿಲಸ್ ಎಂಬ ಸುರುಳಿ ಚಿಪ್ಪು, ದೈತ್ಯ ಕಪ್ಪೆಚಿಪ್ಪು ಮುಂತಾದ ಕೆಲವು ಚಿಪ್ಪುಗಳಿಗೂ ರಕ್ಷಣೆಯಿದೆ. ಸತ್ತು ಒಣಗಿದ್ದಲ್ಲವೇ, ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದಲ್ಲವೇ ಎಂಬ ನನ್ನ ಮಾತುಗಳಿಗೆ ಅಲ್ಲಿ ಬೆಲೆಯಿಲ್ಲವಂತೆ. ಅಪರಾಧ ರುಜುವಾತಾದರೆ ಕನಿಷ್ಠ 3 ವರ್ಷ ಸೆರೆವಾಸ. ಹುಲಿಯುಗುರಿನ ಲಾಕೆಟ್ಟು ಧರಿಸಿದವರ ಬಂಧನದ ಸುದ್ದಿ ಬಂದಾಗ ಮನೆಯ ಪೆಟ್ಟಿಗೆಗಳನ್ನೆಲ್ಲ ತಡಕಿದ ನಮ್ಮ ಮಲೆನಾಡಿನವರು ಗೋಡೆಯ ಮೇಲಿನ ಹವಳದ ಬಗ್ಗೆ ಯೋಚಿಸುವುದಿಲ್ಲ. ನಾನು ಅದನ್ನು ಎಲ್ಲಿಂದ ಹೇಗೆ ತಂದೆನೆಂದು ಬರೆದು ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಿದೆ. ಮತ್ತೆ ಮತ್ತೆ ವಿವರಣೆ ಕೊಡಲು ಅಲೆದ ಆ ದಿನಗಳನ್ನು ನೆನೆಯಲು ಇಷ್ಟವಿಲ್ಲ.

ಹಾಳಾದ ಹಗ್ಗವನ್ನೂ ಕೊಂಬೆಗಳನ್ನೂ ಬಚ್ಚಲೊಲೆಗೆ ಹಾಕೋಣವೆಂದಿದ್ದೆ. ಉಪ್ಪು ಹೀರಿದ ಮರ ಉರಿದಾಗ ಕ್ಲೋರಿನ್ ಸೇರಿದ ವಿಷದ ಹೊಗೆ ಬರುತ್ತದೆಂದು ತಿಳಿದು ಬಿಟ್ಟೆ. ಎಸೆಯಲು ಮನಸ್ಸಾಗದೆ ಹುಟ್ಟು, ಹಗ್ಗ, ಚಿಪ್ಪುಗಳನ್ನು ಹಿತ್ತಿಲಿನ ಸೂರಿನಡಿ, ಹೆಂಚಿನ ನೀರು ಧಾರೆಯಾಗಿ ಬೀಳುವಲ್ಲಿ ಹಾಕಿದ್ದೆ. ಅಕ್ಟೋಬರ್ ಕೊನೆಯಲ್ಲಿ ಅವುಗಳನ್ನು ಒಂದು ಬಕೆಟ್ ಸಿಹಿನೀರಿನಲ್ಲಿ ಎರಡು ದಿನ ನೆನೆಸಿ, ಆ ನೀರಿನ ನಾಲ್ಕು ಹನಿಯನ್ನು ಸ್ಟೀಲ್ ತಟ್ಟೆಯ ಮೇಲೆ ಆರಲು ಬಿಟ್ಟಾಗ ಬಿಳಿಯ ಉಂಗುರ ಉಳಿಯಲಿಲ್ಲ. ಯಾವ ಮಳೆ ಕೋಣೆಯೊಳಗೆ ಗೋಡೆ ಕೆಡಿಸಿತೋ ಅದೇ ಮಳೆ ಹೊರಗೆ ಪುಕ್ಕಟೆಯಾಗಿ ಉಪ್ಪು ತೊಳೆದಿತ್ತು. ಮಾರ್ಚ್‌ನಲ್ಲಿ ತಂದದ್ದನ್ನು ಒಂದು ಮಳೆಗಾಲ ಅಲ್ಲಿಯೇ ಬಿಟ್ಟಿದ್ದರೆ, ಅಥವಾ ದಿನಕ್ಕೊಮ್ಮೆ ನೀರು ಬದಲಿಸುತ್ತಾ ಕೆಲವು ವಾರ ತೊಟ್ಟಿಯಲ್ಲಿ ನೆನೆಸಿ ಈ ತಟ್ಟೆಯ ಪರೀಕ್ಷೆ ಮಾಡಿದ್ದರೆ, ಈ ಬರಹದ ಬಹುಪಾಲು ಇರುತ್ತಿರಲಿಲ್ಲ.

ಹುಟ್ಟು ಈಗ ಮಗನ ಕೋಣೆಯ ಬಾಗಿಲ ಮೇಲಿದೆ. ಗೋಡೆಗೆ ಬಣ್ಣ ಹೊಡೆಯುವವನು ಗಾರೆಯೊಳಗಿನ ಉಪ್ಪು ಇನ್ನೂ ಹೋಗಿಲ್ಲವೆಂದು ಯುಗಾದಿ ಕಳೆಯುವವರೆಗೆ ಕೈ ಹಚ್ಚಲು ಒಪ್ಪಿಲ್ಲ. ಬಲೆಯ ಕಣ್ಣುಗಳ ಗುರುತು ಅಲ್ಲಿ ಹಾಗೆಯೇ ಮೂಡಿ ನಿಂತಿದೆ.