ಮೂರು ತಿಂಗಳ ‘ಪಕ್ಕಾ ಟಿಪ್ಸ್’: ಮಳೆ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಒಂದು ಸ್ಟಾರ್. ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾಳಗ) ಫೈಟ್‌ಗಳಲ್ಲಿ ಯಾರು ಗೆಲ್ಲುತ್ತಾರೆ ಅಂತ ದುಡ್ಡು ತಗೊಂಡು ಹೇಳುವ ಒಂದು ಟೆಲಿಗ್ರಾಂ ಚಾನೆಲ್‌ಗೆ ನಾನು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ದುಡ್ಡು ಕಟ್ಟಿದ್ದೆ. ತಿಂಗಳಿಗೆ 999, ಒಟ್ಟು 2,997 ರೂಪಾಯಿ. ಹೆಸರು ಹಾಕುತ್ತಿಲ್ಲ. ಹೆಸರು ಬದಲಾಯಿಸಿಕೊಂಡು ಮತ್ತೆ ಬರುವುದು ಇಂಥವರಿಗೆ ಐದು ನಿಮಿಷದ ಕೆಲಸ. ಇದೇ ತರಹದ ಚಾನೆಲ್ ನಿಮ್ಮ ಫೋನಿಗೂ ಬಂದಿರಬಹುದು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ತೋಟ. ರೊಬಸ್ಟಾ, ಮರಗಳಿಗೆ ಕರಿಮೆಣಸಿನ ಬಳ್ಳಿ. ಕೊಡಗು ಅಂದರೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ನಿಜ, ಏಪ್ರಿಲ್ ಬಂದರೆ ಕುಟುಂಬಗಳ ಹಾಕಿ ಹಬ್ಬ ಬಿಟ್ಟು ಬೇರೆ ಮಾತೇ ಇರುವುದಿಲ್ಲ. ಆದರೆ ಯುಎಫ್‌ಸಿ, ಅಂದರೆ ಎಂಎಂಎ ಫೈಟ್ ನಡೆಸುವ ಅಮೆರಿಕದ ದೊಡ್ಡ ಕಂಪನಿಯ ಫೈಟ್‌ಗಳನ್ನು ನೋಡುವ ಹುಡುಗರೂ ಈಗ ಊರಲ್ಲಿ ಇದ್ದಾರೆ. ಅಮೆರಿಕದಲ್ಲಿ ಶನಿವಾರ ರಾತ್ರಿ ನಡೆಯುವ ಫೈಟ್ ನಮಗೆ ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಿಗೆ ಬರುತ್ತದೆ. ತಟ್ಟೆಯಲ್ಲಿ ಅಕ್ಕಿ ರೊಟ್ಟಿ ಹಾಕಿಕೊಂಡು ನಾನು, ಚಿಕ್ಕಪ್ಪನ ಮಗ ಇಬ್ಬರೂ ಕೂತು ನೋಡುವುದು ಆರು ವರ್ಷದ ಅಭ್ಯಾಸ. ಅವನೇ ಈ ಚಾನೆಲ್ ತೋರಿಸಿದ್ದು. ‘ಅಣ್ಣ, ನೂರಕ್ಕೆ ಎಂಬತ್ತೈದು ಕರೆಕ್ಟ್ ಅಂತೆ, ಸ್ಕ್ರೀನ್‌ಶಾಟ್ ನೋಡು’ ಅಂದ. ನೋಡಿದೆ. ಗೆದ್ದ ಸ್ಕ್ರೀನ್‌ಶಾಟ್‌ಗಳೇ ಸಾಲು ಸಾಲು, ಸೋತದ್ದು ಒಂದೂ ಇಲ್ಲ. ಅಲ್ಲೇ ಅನುಮಾನ ಬಂತು.

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಮಳೆ ಪುಸ್ತಕ ಇದೆ. ಕೊಡಗಿನ ತೋಟದ ಮನೆಗಳಲ್ಲಿ ಇರುವವರಿಗೆ ಗೊತ್ತು, ಬೆಳಿಗ್ಗೆ ಮಳೆಮಾಪಕ ನೋಡಿ ಇಷ್ಟು ಇಂಚು ಇಷ್ಟು ಸೆಂಟು ಅಂತ ಬರೆಯುತ್ತಾರೆ. ಅಪ್ಪನದು ಒಂದೇ ನಿಯಮ. ಆವತ್ತಿನದು ಆವತ್ತೇ ಬರೆಯಬೇಕು, ಬರೆದದ್ದನ್ನು ಅಳಿಸಬಾರದು. ಡಿಸೆಂಬರ್‌ನಿಂದ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬರುವ ತನಕ ಆ ಪುಸ್ತಕದ ಸಾಲುಗಳು ಹೆಚ್ಚಾಗಿ ಖಾಲಿಯೇ ಇರುತ್ತವೆ. ಆ ಖಾಲಿ ಸಾಲುಗಳಲ್ಲಿ ನಾನು ಚಾನೆಲ್ ಹೇಳಿದ ಹೆಸರು, ಆವತ್ತಿನ ಬೆಟ್ಟಿಂಗ್ ರೇಟು, ಎಷ್ಟು ಗ್ಯಾರಂಟಿ ಅಂತ ಹೇಳಿದ್ದಾರೆ, ಎಲ್ಲ ಬರೆಯುತ್ತಾ ಹೋದೆ. ಫೈಟ್ ಶುರುವಾಗುವ ಮೊದಲೇ, ಪೆನ್ನಿನಲ್ಲಿ. ನಾನು ಒಂದು ರೂಪಾಯಿಯೂ ಬೆಟ್ ಕಟ್ಟಲಿಲ್ಲ. ಒಂದೊಂದಕ್ಕೂ ನೂರು ರೂಪಾಯಿ ಕಟ್ಟಿದ್ದರೆ ಏನಾಗುತ್ತಿತ್ತು ಅಂತ ಕಾಗದದ ಮೇಲೆ ಲೆಕ್ಕ ಹಾಕಿದೆ ಅಷ್ಟೇ.

ಮೂರು ತಿಂಗಳಲ್ಲಿ 48 ಫೈಟ್‌ಗಳಿಗೆ ಹೆಸರು ಕೊಟ್ಟರು. ಸರಿಯಾದದ್ದು 31, ತಪ್ಪಿದ್ದು 17. ನೂರಕ್ಕೆ ಸುಮಾರು 65. ಎಂಬತ್ತೈದು ಎಲ್ಲಿ, ಅರವತ್ತೈದು ಎಲ್ಲಿ. ಹೋಗಲಿ, ಅರವತ್ತೈದೂ ಪರವಾಗಿಲ್ಲ ಅಲ್ವಾ ಅಂತ ನನ್ನ ತಮ್ಮ ಕೇಳಿದ. ಅಲ್ಲೇ ಇರುವುದು ವಿಷಯ. ಆ 48 ಫೈಟ್‌ಗಳಲ್ಲೂ ಸುಮ್ನೆ ಕಡಿಮೆ ರೇಟಿನ ಫೇವರಿಟ್ (ಗೆಲ್ಲುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕಿದವನು) ಹೆಸರು ಹೇಳುತ್ತಾ ಹೋಗಿದ್ದರೆ 32 ಸರಿಯಾಗುತ್ತಿತ್ತು! ಅಂದರೆ ಫೈಟ್ ಒಂದನ್ನೂ ನೋಡದ ನಮ್ಮ ಅಮ್ಮನಿಗೆ ಆ ಪಟ್ಟಿ ಕೊಟ್ಟಿದ್ದರೆ ಅವರೇ ಒಂದು ಜಾಸ್ತಿ ಗೆಲ್ಲುತ್ತಿದ್ದರು. ಎಷ್ಟು ಸಲ ಸರಿಯಾಯಿತು ಅನ್ನುವುದನ್ನು ಮಾತ್ರ ಕೇಳಿದರೆ ಏನೂ ತಿಳಿಯುವುದಿಲ್ಲ, ಯಾವ ರೇಟಿಗೆ ಸರಿಯಾಯಿತು ಅಂತ ಕೇಳಬೇಕು.

ರೇಟು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಬ್ಬನ ರೇಟು 1.25 ಅಂದರೆ ನೂರು ಕಟ್ಟಿ ಗೆದ್ದರೆ ಕೈಗೆ ಬರುವುದು 125. ನೂರನ್ನು 1.25ರಿಂದ ಭಾಗಿಸಿ, 80 ಬರುತ್ತದೆ. ಅವನು ನೂರಕ್ಕೆ ಎಂಬತ್ತು ಸಲ ಗೆದ್ದರೆ ಮಾತ್ರ ನಿಮಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಎದುರಾಳಿಯ ರೇಟು 4.00 ಇದ್ದರೆ ಅದು 25. ಎರಡನ್ನೂ ಕೂಡಿಸಿದರೆ 105. ನೂರಕ್ಕಿಂತ ಜಾಸ್ತಿ ಇರುವ ಆ ಐದು ಬೆಟ್ಟಿಂಗ್ ನಡೆಸುವವನ ಪಾಲು. ಯಾರು ಗೆದ್ದರೂ ಅವನು ಅದನ್ನು ಮೊದಲೇ ರೇಟಿನೊಳಗೆ ಸೇರಿಸಿರುತ್ತಾನೆ. ಹಾಗಾಗಿ ಅವನಷ್ಟೇ ಚೆನ್ನಾಗಿ ಅಂದಾಜು ಮಾಡಿದರೂ ಸಾಲದು, ಅವನಿಗಿಂತ ಚೆನ್ನಾಗಿ ಮಾಡಬೇಕು, ಅದೂ ವಾರವಾರ.

ನನ್ನ ಪುಸ್ತಕದ ಲೆಕ್ಕ ಹೀಗಿದೆ. ಗೆದ್ದ 31 ಹೆಚ್ಚಾಗಿ ಕಡಿಮೆ ರೇಟಿನವೇ, ಅವುಗಳಿಂದ ಬರುತ್ತಿದ್ದ ಲಾಭ 1,426 ರೂಪಾಯಿ. ಸೋತ 17ರಲ್ಲಿ ಹೋಗುತ್ತಿದ್ದದ್ದು 1,700. ಮೂರರಲ್ಲಿ ಎರಡು ಸರಿ ಹೇಳಿಯೂ 274 ರೂಪಾಯಿ ನಷ್ಟ. ಅದರ ಮೇಲೆ ಚಂದಾ 2,997. ಇನ್ನು ಇವರು ‘ಲಾಕ್’ ಅಂತ ಕೆಂಪು ಅಕ್ಷರದಲ್ಲಿ ಹಾಕುತ್ತಿದ್ದ ಹತ್ತು ಫೈಟ್‌ಗಳು, ನೂರಕ್ಕೆ ತೊಂಬತ್ತು ಗ್ಯಾರಂಟಿ, ಇದ್ದಬದ್ದದ್ದೆಲ್ಲ ಕಟ್ಟಿ ಅಂತ ಹೇಳುತ್ತಿದ್ದವು. ಅದರಲ್ಲಿ ಸರಿಯಾದದ್ದು ಆರು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಒಂದು ಫೈಟ್ ತಪ್ಪಿತು ಅಂತ ಯಾರನ್ನೂ ಬೈಯಬಾರದು. ಈ ಆಟದಲ್ಲಿ ಕೈಗವಸು ನಾಲ್ಕೇ ಔನ್ಸ್, ಒಂದು ಏಟು ಬಿದ್ದರೆ ಮುಗಿಯಿತು. 2022ರ ಆಗಸ್ಟ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಆಗಿನ ಚಾಂಪಿಯನ್ ಕಮಾರು ಉಸ್ಮಾನ್, ಲಿಯೋನ್ ಎಡ್ವರ್ಡ್ಸ್ ಫೈಟ್ ನೆನಪಿದೆಯಾ? ಐದು ಸುತ್ತು, ಒಟ್ಟು 25 ನಿಮಿಷ. ತೀರ್ಪುಗಾರರ ಅಂಕದಲ್ಲಿ ಉಸ್ಮಾನ್ ಮುಂದಿದ್ದ, ಎಡ್ವರ್ಡ್ಸ್ ಸುಸ್ತಾದ ಹಾಗೆ ಕಾಣುತ್ತಿದ್ದ, ನಾನಂತೂ ಇನ್ನೊಂದು ಲೋಟ ಕಾಫಿ ತರಲು ಎದ್ದಿದ್ದೆ. ಕೊನೆಯ ನಿಮಿಷದಲ್ಲಿ, ಗಂಟೆ ಬಾರಿಸಲು 56 ಸೆಕೆಂಡ್ ಇರುವಾಗ, ಎಡ್ವರ್ಡ್ಸ್ ಎಡಗಾಲಿನಲ್ಲಿ ತಲೆಗೆ ಒದ್ದ. ಉಸ್ಮಾನ್ ಬಿದ್ದ, ಚಾಂಪಿಯನ್ ಬದಲಾದ. ಉಸ್ಮಾನ್ ಗೆಲ್ಲುತ್ತಾನೆ ಅಂತ ಹೇಳಿದ್ದವನು 24 ನಿಮಿಷ ಸರಿ ಇದ್ದ. ಅವನ ಅಂದಾಜು ಕೆಟ್ಟದ್ದು ಅಂತ ಹೇಳಲು ಬರುತ್ತದಾ? ಬರುವುದಿಲ್ಲ. ಅದಕ್ಕೇ ಪುಸ್ತಕ ಬೇಕಾಗುವುದು. ಒಂದು ದಿನದ ಮಳೆ ನೋಡಿ ಮಳೆಗಾಲ ಹೇಗಿತ್ತು ಅಂತ ಯಾರೂ ಹೇಳುವುದಿಲ್ಲ.

ನಾನು ಚಾನೆಲ್ ಮೇಲೆ ಸಿಟ್ಟಾಗಿರುವುದು ತಪ್ಪಿದ್ದಕ್ಕೆ ಅಲ್ಲವೇ ಅಲ್ಲ. ಅಳಿಸಿದ್ದಕ್ಕೆ. ಜನವರಿಯಲ್ಲಿ ಒಂದು ಭಾನುವಾರ ಆರಕ್ಕೆ ನಾಲ್ಕು ತಪ್ಪಿತು. ಮಧ್ಯಾಹ್ನ ಕಣದಲ್ಲಿ ಕಾಫಿ ಕೆದಕಿ ಬಂದು ಫೋನ್ ತೆಗೆದು ನೋಡಿದರೆ ಆ ನಾಲ್ಕೂ ಮೆಸೇಜ್ ಇಲ್ಲ! ಸರಿಯಾದ ಎರಡು ಮಾತ್ರ ಇವೆ, ಪಕ್ಕದಲ್ಲಿ ಹಸಿರು ಟಿಕ್ ಗುರುತು. ಹೊಸದಾಗಿ ಸೇರುವವನಿಗೆ ಅದು ಎರಡಕ್ಕೆ ಎರಡು ಅಂತಲೇ ಕಾಣುತ್ತದೆ. ಎಂಬತ್ತೈದು ಎಲ್ಲಿಂದ ಬಂತು ಅಂತ ಆವತ್ತು ಗೊತ್ತಾಯಿತು. ಯಾಕೆ ಅಳಿಸಿದಿರಿ ಅಂತ ಕೇಳಿದೆ. ಉತ್ತರ ಇಲ್ಲ, ನನ್ನ ಪ್ರಶ್ನೆಯನ್ನೂ ಅಳಿಸಿದರು.

ಇನ್ನೊಂದು ದೊಡ್ಡ ಕೊರತೆ ಸಮಯದ್ದು. ಇವರು ಗುರುವಾರವೇ ಹೆಸರು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಫೈಟರ್‌ಗಳ ತೂಕ ನೋಡುವುದು ಫೈಟ್‌ನ ಹಿಂದಿನ ದಿನ. ಅಮೆರಿಕದ ಫೈಟ್ ಆದರೆ ನಮಗೆ ಶುಕ್ರವಾರ ಸಂಜೆ ಇಲ್ಲಾ ರಾತ್ರಿ ಆಗಿರುತ್ತದೆ. 155 ಪೌಂಡ್ ಅಂದರೆ ಸುಮಾರು 70 ಕೆಜಿ, ಅಷ್ಟಕ್ಕೆ ಇಳಿಸಲು ಮೈಯಲ್ಲಿರುವ ನೀರನ್ನೆಲ್ಲ ಬಸಿದು ಬರುತ್ತಾರೆ. ತಕ್ಕಡಿ ಮೇಲೆ ನಿಲ್ಲುವಾಗ ಕೈ ನಡುಗುತ್ತಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ಅದು ನನಗೆ ಯಾವ ಅಂಕಿಗಿಂತ ಜಾಸ್ತಿ ಹೇಳುತ್ತದೆ. ತೂಕ ಇಳಿಸಲಾಗದೆ ಬಂದವರು ಇರುತ್ತಾರೆ, ಒಂದು ವಾರ ಮೊದಲು ಬದಲಿಯಾಗಿ ಒಪ್ಪಿಕೊಂಡವರು ಇರುತ್ತಾರೆ. ಫೆಬ್ರವರಿಯಲ್ಲಿ ಒಂದು ಫೈಟ್‌ಗೆ ಎದುರಾಳಿಯೇ ಬದಲಾದ, ಚಾನೆಲ್‌ನಲ್ಲಿ ಹಳೆಯ ಎದುರಾಳಿಯ ಹೆಸರಿನ ‘ಲಾಕ್’ ಭಾನುವಾರ ಬೆಳಿಗ್ಗೆವರೆಗೂ ಹಾಗೇ ಇತ್ತು. ಕ್ರಿಸ್‌ಮಸ್ ಸಮಯದಲ್ಲಿ ಯುಎಫ್‌ಸಿ ಕೆಲವು ವಾರ ರಜೆ ಮಾಡುತ್ತದೆ, ಆಗಲೂ 999 ಪೂರ್ತಿ ತಗೊಂಡರು.

‘ಒಳಗಿನ ಸುದ್ದಿ’ ಇದೆ ಅಂತ ಇವರು ಆಗಾಗ ಹೇಳುತ್ತಾರೆ. ಜಿಮ್‌ನಿಂದ ಬಂದದ್ದು, ಯಾರಿಗೂ ಗೊತ್ತಿಲ್ಲ, ಬೇಗ ಕಟ್ಟಿ. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. 2022ರ ನವೆಂಬರ್‌ನಲ್ಲಿ ಲಾಸ್ ವೇಗಾಸ್‌ನ ಒಂದು ಫೈಟ್‌ನಲ್ಲಿ ಹೀಗೇ ಆಯಿತು. ಶುರುವಾಗಲು ಕೆಲವೇ ಗಂಟೆ ಇರುವಾಗ ರೇಟು ಒಂದೇ ಕಡೆಗೆ ಜಾರಿತು. ಒಬ್ಬ ಫೈಟರ್ ಕಾಲಿನ ಪೆಟ್ಟು ಮುಚ್ಚಿಟ್ಟುಕೊಂಡು ಇಳಿದಿದ್ದ, ಮೊದಲ ಸುತ್ತಿನಲ್ಲೇ ಸೋತ. ಆಮೇಲೆ ತನಿಖೆ, ಶಿಕ್ಷೆ ಎಲ್ಲ ಆಯಿತು. ಅದಕ್ಕೆ ಸ್ವಲ್ಪ ಮೊದಲು, ಅಕ್ಟೋಬರ್‌ನಲ್ಲಿ, ಫೈಟರ್‌ಗಳು ಯುಎಫ್‌ಸಿ ಫೈಟ್‌ಗಳ ಮೇಲೆ ಬೆಟ್ ಕಟ್ಟಬಾರದು ಅಂತ ಯುಎಫ್‌ಸಿಯೇ ನಿಯಮ ತಂದಿತ್ತು. ನಿಜವಾಗಿ ಒಳಗಿನ ಸುದ್ದಿ ಅಂದರೆ ಅದು ಮೋಸ. ಅದನ್ನು 999ಕ್ಕೆ ಸಾವಿರ ಜನಕ್ಕೆ ಯಾರೂ ಮಾರುವುದಿಲ್ಲ.

ಹಾಗಾದರೆ ಒಂದು ಸ್ಟಾರ್ ಯಾತಕ್ಕೆ? ಮೊದಲ ಎರಡು ವಾರ ಯಾರೋ ಒಬ್ಬರು ಚೆನ್ನಾಗಿ ಬರೆಯುತ್ತಿದ್ದರು. ಇವನು ಟೇಕ್‌ಡೌನ್ (ಎದುರಾಳಿಯನ್ನು ಹಿಡಿದು ನೆಲಕ್ಕೆ ಕೆಡವುವುದು) ಮಾಡುವಾಗ ಬಲಗಡೆಗೇ ನುಗ್ಗುತ್ತಾನೆ, ಎದುರಿನವನು ಎಡಗೈ ಮುಂದಿಡುವ ಬದಲು ಬಲಗೈ ಮುಂದಿಟ್ಟು ನಿಲ್ಲುತ್ತಾನೆ, ಹಾಗಾಗಿ ಮೊದಲ ಸುತ್ತು ಕಷ್ಟ, ಎರಡನೆಯದರಲ್ಲಿ ಉಸಿರು ಸಾಲದೆ ಹೋಗುತ್ತದೆ, ಹೀಗೆ. ಓದಿ ಫೈಟ್ ನೋಡಿದರೆ ನನಗೆ ಕಾಣದೇ ಇದ್ದದ್ದು ಕಾಣುತ್ತಿತ್ತು. ನಂತರ ಅದು ನಿಂತೇ ಹೋಯಿತು. ಬರೀ ಹೆಸರು, ಬೆಂಕಿ ಗುರುತು, ‘ಲಾಕ್’. ಆ ಬರೆಯುತ್ತಿದ್ದವರು ಯಾರೇ ಇರಲಿ, ಬೇರೆ ಎಲ್ಲಾದರೂ ಬರೆದರೆ ನಾನು ಓದುತ್ತೇನೆ.

ಅಭಿಮಾನದಿಂದ ಅಂದಾಜು ಕೆಡುತ್ತದೆ ಅನ್ನುವುದೂ ಫೈಟ್ ನೋಡಿ ನೋಡಿ ಕಲಿತ ವಿಷಯ. 2023ರ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ನಮ್ಮ ದೇಶದ ಅಂಶುಲ್ ಜುಬ್ಲಿ ಮೈಕ್ ಬ್ರೀಡನ್ ಎದುರು ಇಳಿದಾಗ ನಾನು ಯೋಚನೆಯೇ ಮಾಡದೆ ಜುಬ್ಲಿ ಅಂದಿದ್ದೆ. ಚೆನ್ನಾಗಿಯೇ ಆಡುತ್ತಿದ್ದ, ಮೂರನೇ ಸುತ್ತಿನಲ್ಲಿ ನಾಕೌಟ್ ಆದ. ಮರುವರ್ಷ ಜೂನ್‌ನಲ್ಲಿ ಪೂಜಾ ತೋಮರ್ ಗೆದ್ದು ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಹೆಣ್ಣುಮಗಳಾದಾಗ ಅದು ಮೂವರಲ್ಲಿ ಇಬ್ಬರು ತೀರ್ಪುಗಾರರ ಒಪ್ಪಿಗೆಯಿಂದ ಸಿಕ್ಕ ಗೆಲುವು. ಆ ಇಬ್ಬರಲ್ಲಿ ಒಬ್ಬರು ಬೇರೆ ತರಹ ಯೋಚಿಸಿದ್ದರೆ ಸೋಲು. ನಾವು ಕೂಗಿಕೊಂಡು ಕುಣಿದದ್ದು ಅಷ್ಟು ತೆಳುವಾದ ಗೆರೆಯ ಮೇಲೆ.

ಈಗ ಹೇಳಲು ಕಷ್ಟವಾದ ಭಾಗ. ಫೆಬ್ರವರಿ ಮಧ್ಯದಲ್ಲಿ ಚಾನೆಲ್‌ನವರು ಒಂದು ಹೊರದೇಶದ ಬೆಟ್ಟಿಂಗ್ ಸೈಟಿನ ಲಿಂಕ್ ಹಾಕಲು ಶುರು ಮಾಡಿದರು. ಈ ಲಿಂಕ್‌ನಿಂದಲೇ ಸೇರಿ, ಬೋನಸ್ ಇದೆ ಅಂತ ದಿನಾ ಮೆಸೇಜ್. ಇಂಥ ಲಿಂಕ್‌ಗಳು ಹೇಗೆ ಕೆಲಸ ಮಾಡುತ್ತವೆ ಅಂತ ತಿಳಿದುಕೊಳ್ಳಿ. ಅದರಿಂದ ಸೇರಿದವನು ಸೋತ ದುಡ್ಡಿನಲ್ಲಿ ಒಂದು ಪಾಲು ಲಿಂಕ್ ಹಾಕಿದವನಿಗೆ ಹೋಗುವ ಒಪ್ಪಂದ ಈ ವ್ಯವಹಾರದಲ್ಲಿ ಸಾಮಾನ್ಯ. ಹಾಗೆ ಒಪ್ಪಂದ ಮಾಡಿಕೊಂಡವನಿಗೆ ನೀವು ಗೆದ್ದರೆ ಏನು ಸಿಗುತ್ತದೆ? ಕಾನೂನು ಬೇರೆ ಇದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದು, ಅದಕ್ಕೆ ಜಾಹೀರಾತು ಕೊಡುವುದು, ಅದರ ದುಡ್ಡನ್ನು ಬ್ಯಾಂಕ್ ಮೂಲಕ ಸಾಗಿಸುವುದು ಮೂರಕ್ಕೂ ನಿಷೇಧ ಇದೆ. ಅಲ್ಲಿ ಹಾಕಿದ ದುಡ್ಡು ವಾಪಸ್ ಬರಲಿಲ್ಲ ಅಂದರೆ ನೀವು ಯಾರ ಹತ್ತಿರ ಹೋಗಿ ಕೇಳುತ್ತೀರಿ?

ನನ್ನ ತಮ್ಮ ಆ ಲಿಂಕ್‌ನಿಂದ ಸೇರಿದ್ದ. ನನಗೆ ಹೇಳಿರಲಿಲ್ಲ. ಮೆಣಸು ಮಾರಿ ಬಂದ ದುಡ್ಡಿನಲ್ಲಿ 18,000 ಹೋಯಿತು, ಹೆಚ್ಚಿನದು ಆ ‘ಲಾಕ್’ಗಳ ಮೇಲೆ. ಚಿಕ್ಕಮ್ಮ ಕೇಳಿದಾಗ ವ್ಯಾಪಾರಿ ಇನ್ನೂ ದುಡ್ಡು ಕೊಟ್ಟಿಲ್ಲ ಅಂತ ಸುಳ್ಳು ಹೇಳಿದ್ದ. ಕೊನೆಗೆ ಒಂದು ಸಂಜೆ ನಮ್ಮ ಮನೆಗೆ ಬಂದು ‘ಅಣ್ಣ, ನಿನ್ನ ಪುಸ್ತಕ ಕೊಡು’ ಅಂದ. ನಾನು ಕೊಟ್ಟೆ. ಒಂದೊಂದೇ ಸಾಲು ಬೆರಳಿಟ್ಟು ಓದಿದ, ಅರ್ಧ ಗಂಟೆ ಮಾತಾಡಲಿಲ್ಲ. ಆರಂಭದಲ್ಲೇ ಅವನಿಗೆ ವಾರವಾರ ತೋರಿಸಬೇಕಿತ್ತು, ಮೂರು ತಿಂಗಳು ಮುಗಿಯಲಿ ಅಂತ ಕಾದದ್ದು ನನ್ನ ತಪ್ಪು. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ಈಗ ನಾವಿಬ್ಬರೂ ಶುಕ್ರವಾರ ರಾತ್ರಿ ತೂಕದ ವಿಡಿಯೋ ನೋಡಿ, ನೂರಕ್ಕೆ ಎಷ್ಟು ಅಂತ ಅಂಕಿ ಹಾಕಿ, ನಮ್ಮ ನಮ್ಮ ಹೆಸರಿನ ಕೆಳಗೆ ಬರೆಯುತ್ತೇವೆ. ದುಡ್ಡಿಲ್ಲ. ಸೋತವನು ಭಾನುವಾರ ರೊಟ್ಟಿ ತಟ್ಟಬೇಕು. ಹೂಮಳೆ ಬಿದ್ದ ಮೇಲೆ ಅಪ್ಪನ ಪುಸ್ತಕದಲ್ಲಿ ಜಾಗ ಸಾಲದಾಗಿ ಸುಂಟಿಕೊಪ್ಪದಿಂದ ಇನ್ನೊಂದು ನೋಟ್‌ಬುಕ್ ತಂದಿದ್ದೇವೆ.

ಈ ಚಾನೆಲ್‌ನವರು ಯಾರಾದರೂ ಇದನ್ನು ಓದಿ ಸುಳ್ಳು ಅನ್ನುವುದಾದರೆ, 48 ಸಾಲೂ ನನ್ನ ಹತ್ತಿರ ಇವೆ, ತಾರೀಖು ರೇಟು ಸಮೇತ. ನೀವು ಅಳಿಸಿದ ಆ ಜನವರಿ ಭಾನುವಾರದ ಪುಟವೂ ಇದೆ. ಯಾರಿಗೆ ಬೇಕು ಹೇಳಿ, ಫೋಟೋ ಹಾಕುತ್ತೇನೆ.